ಹೊಗೆ ಜಾಸ್ತಿಯೇ? ಮೊದಲು ಬೂದಿ ನೋಡಿ

ಕಟ್ಟಿಗೆ ಬಾಯ್ಲರ್ ಹೊಗೆ ಉಗುಳುತ್ತಿದೆ ಎಂದು ಕರೆದರೆ ನಾನು ಮೊದಲು ಚಿಮಣಿ ಕಡೆ ನೋಡುವುದಿಲ್ಲ. ಬೂದಿ ಡಬ್ಬದ ಮುಚ್ಚಳ ತೆಗೆಸುತ್ತೇನೆ. ಹೊಗೆ ಗಾಳಿಗೆ ಹೋಗಿಬಿಡುತ್ತದೆ, ಬೂದಿ ಮಾತ್ರ ಅಲ್ಲೇ ಬಿದ್ದಿರುತ್ತದೆ. ಹೊಗೆ, ಬೂದಿ ಎರಡೂ ಹುಟ್ಟುವುದು ಒಂದೇ ಬೆಂಕಿಯಲ್ಲಿ ಅಲ್ವಾ?

ಚೆನ್ನಾಗಿ ಉರಿದ ಮರದ ಬೂದಿ ತಿಳಿಬಣ್ಣದ್ದು, ನಯವಾದದ್ದು. ಅದು ಕಪ್ಪಗಿದ್ದು ಇದ್ದಿಲ ಚೂರು ತುಂಬಿದ್ದರೆ ಕಟ್ಟಿಗೆ ಅರ್ಧಂಬರ್ಧ ಉರಿದಿದೆ. ಆಗ ಚಿಮಣಿಯಿಂದ ಕಾರ್ಬನ್ ಮಾನಾಕ್ಸೈಡ್, ಮಸಿ, ಟಾರು ಹೋಗುತ್ತಿರುತ್ತವೆ. ಸಾಮಾನ್ಯವಾಗಿ ಕಾರಣ ತೇವ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಬಿಸಿ ಖರ್ಚಾಗುತ್ತದೆ. ಹಸಿ ಕಟ್ಟಿಗೆಗೆಂದೇ ಕಟ್ಟಿದ ದೊಡ್ಡ ಕುಲುಮೆಗಳ ಮಾತು ಬೇರೆ. ಸಣ್ಣ ಬಾಯ್ಲರ್‌ಗೆ ತೇವ ಶೇಕಡಾ 20ರ ಆಸುಪಾಸಿಗೆ ಇಳಿಯಲೇಬೇಕು.

ಆಮೇಲೆ ಬೂದಿ ತೂಗಿಸುತ್ತೇನೆ. ತೊಗಟೆ ತೆಗೆದ 1 ಟನ್ ಒಣ ಮರ ಉರಿದರೆ ಉಳಿಯುವುದು ಸುಮಾರು 3ರಿಂದ 10 ಕೆಜಿ. ಬರೀ ತೊಗಟೆಯಾದರೆ 30ರಿಂದ 50 ಕೆಜಿ. ಅದಕ್ಕಿಂತ ಜಾಸ್ತಿ ಬಂತೆಂದರೆ ಮಣ್ಣು ಸೇರಿರುತ್ತದೆ. ದಿಮ್ಮಿಯನ್ನು ನೆಲದ ಮೇಲೆ ಎಳೆದಿರುತ್ತಾರೆ, ಇಲ್ಲವೇ ಮರದ ಚಕ್ಕೆಯನ್ನು ಬರಿ ಮಣ್ಣಿನ ಮೇಲೆ ಸುರಿದಿರುತ್ತಾರೆ. ಮಣ್ಣಿನ ಮರಳು, ಮರದ ಪೊಟ್ಯಾಸಿಯಂ ಎರಡೂ ಬಿಸಿಗೆ ಸೇರಿ ಕರಗುತ್ತವೆ. ಗಾಜಿನಂಥ ಗಟ್ಟಿಗಳಾಗಿ ಗ್ರೇಟಿನ, ಅಂದರೆ ಕಟ್ಟಿಗೆ ಉರಿಯುವ ಜಾಲರಿಯ, ಗಾಳಿ ಕಿಂಡಿಗಳನ್ನು ಮುಚ್ಚುತ್ತವೆ. ಗಾಳಿ ಕಡಿಮೆಯಾಗಿ ಮತ್ತೆ ಹೊಗೆ. ಎಷ್ಟೋ ಕಡೆ ಚಕ್ಕೆ ಸುರಿಯುವ ಜಾಗಕ್ಕೆ ಕಾಂಕ್ರೀಟ್ ಹಾಕಿಸಿದ್ದೇ ದೊಡ್ಡ ರಿಪೇರಿ ಆಗಿದೆ.

ಇಷ್ಟೆಲ್ಲ ಸರಿಮಾಡಿದ ಮೇಲೆ ಫಿಲ್ಟರ್ ವಿಚಾರ. ಸೈಕ್ಲೋನ್, ಅಂದರೆ ಹೊಗೆಯನ್ನು ಗಿರಗಿರ ಸುತ್ತಿಸಿ ಧೂಳು ಬೇರ್ಪಡಿಸುವ ಸಾಧನ, ದಪ್ಪ ಧೂಳು ಹಿಡಿಯುತ್ತದೆ. ಆದರೆ ಮರದ ಹೊಗೆಯ ಬಹುಪಾಲು ಕಣಗಳು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಾದ 1 ಮೈಕ್ರಾನ್‌ಗಿಂತಲೂ ಸಣ್ಣವು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಅವಕ್ಕೆ ಬಟ್ಟೆ ಚೀಲದಲ್ಲಿ ಹೊಗೆ ಸೋಸುವ ಬ್ಯಾಗ್ ಫಿಲ್ಟರ್ ಅಥವಾ ವಿದ್ಯುತ್ ಕ್ಷೇತ್ರದಿಂದ ಧೂಳು ಸೆಳೆಯುವ ಯಂತ್ರವೇ ಬೇಕು. ಬ್ಯಾಗ್ ಫಿಲ್ಟರಿನ ಮುಂದೆ ಕಿಡಿ ತಡೆಯಲು ಸೈಕ್ಲೋನ್ ಇರಲಿ. ಒಂದು ಕಿಡಿ ಸಾಕು, ಚೀಲ ಸುಟ್ಟುಹೋಗುತ್ತದೆ.

ಇಲ್ಲಿ ಜನ ಮಾಡುವ ತಪ್ಪು ನನಗೆ ನಿಜಕ್ಕೂ ನೋವು ಕೊಡುತ್ತದೆ. ಗ್ರೇಟಿನ ಬೂದಿ, ಫಿಲ್ಟರಿನ ಬೂದಿ ಎರಡನ್ನೂ ಒಂದೇ ಗುಡ್ಡೆಗೆ ಸುರಿಯುತ್ತಾರೆ. ಮರ ಮಣ್ಣಿನಿಂದ ಹೀರಿದ ಕ್ಯಾಡ್ಮಿಯಂ, ಸತು, ಸೀಸ ಬೆಂಕಿಯಲ್ಲಿ ಆವಿಯಾಗಿ, ತಣಿಯುವಾಗ ನಯವಾದ ಧೂಳಿಗೆ ಅಂಟಿಕೊಳ್ಳುತ್ತವೆ. ಹಾಗಾಗಿ ವಿಷ ಸೇರುವುದು ಫಿಲ್ಟರಿನ ಬೂದಿಯಲ್ಲಿ. ಅದನ್ನು ಬೇರೆ ಇಟ್ಟರೆ ಗ್ರೇಟಿನ ಬೂದಿಯನ್ನು ಪರೀಕ್ಷೆ ಮಾಡಿಸಿ ಮಣ್ಣಿಗೆ ಕೊಡಬಹುದು. ಅದರಲ್ಲಿ ಸುಣ್ಣದ ಅಂಶ, ಪೊಟ್ಯಾಶ್, ಸ್ವಲ್ಪ ರಂಜಕ ಇರುತ್ತದೆ, ಸಾರಜನಕ ಮಾತ್ರ ಇರುವುದಿಲ್ಲ. ಹುಳಿ ಮಣ್ಣಿಗೆ ಒಳ್ಳೆಯದು, ಕ್ಷಾರದ ಮಣ್ಣಿಗೆ ಬೇಡವೇ ಬೇಡ. ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಬೂದಿಗೆ ನೀರು ಬೆರೆಸಿ ಗಟ್ಟಿಮಾಡಿ, ನಿಧಾನವಾಗಿ ಕರಗುವಂತೆ ಕಾಡಿಗೇ ಮರಳಿಸುತ್ತಾರೆ.

ಬಣ್ಣ ಬಳಿದ ಮರ, ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ ಈ ಲೆಕ್ಕಕ್ಕೇ ಬರುವುದಿಲ್ಲ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಮರ ಉರಿದರೆ ಆರ್ಸೆನಿಕ್ ಹೊಗೆಗೂ ಬರುತ್ತದೆ, ಬೂದಿಗೂ ಬರುತ್ತದೆ. ಅಂಥ ಮರವನ್ನು ಬಾಯ್ಲರ್ ಹತ್ತಿರವೂ ತರಬೇಡಿ.

ಇನ್ನು ಬೂದಿ ಮುಚ್ಚಿದ ಕೆಂಡ. ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ಒಳಗೆ ದಿನಗಟ್ಟಲೆ ಕೆಂಪಗಿರುತ್ತದೆ. ಅದಕ್ಕೆ ಮುಚ್ಚಳದ ಲೋಹದ ಡಬ್ಬ, ಕಾಂಕ್ರೀಟ್ ನೆಲ, ಗೋಡೆಯಿಂದ ದೂರ. ತುಂಬಿಸಿದ ತಾರೀಖನ್ನು ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಬರೆಸುತ್ತೇನೆ. ನಾಲ್ಕು ದಿನ ಕಳೆಯುವ ತನಕ ಅದನ್ನು ಯಾರೂ ಖಾಲಿ ಮಾಡುವ ಹಾಗಿಲ್ಲ.