ಪದ ಪರಿಚಯ: ಸೆನ್ಸಿಟಿವಿಟಿ

ಮುಂಬಯಿಯಲ್ಲಿ ಮಳೆ ಹಿಡಿದು ಡೆಂಗಿಯ ಭಯ ಶುರುವಾದಾಗಲೆಲ್ಲ ಇಲ್ಲಿನ ಕನ್ನಡ ಬಳಗಗಳಲ್ಲಿ, ರೋಗದ ಸುಳಿವನ್ನು ವಿದ್ಯುತ್ ಸಂಕೇತವಾಗಿಸುವ ಬಯೋಸೆನ್ಸರುಗಳ ಸುದ್ದಿಯೂ ಓಡಾಡತೊಡಗುತ್ತದೆ. ಮಾಟುಂಗದ ಉಪನ್ಯಾಸವೊಂದರ ಕರಪತ್ರದಲ್ಲಿ ‘ಆರ್ಗ್ಯಾನಿಕ್ ಟ್ರಾನ್ಸಿಸ್ಟರು ನೂರರಲ್ಲಿ 90 ರೋಗಿಗಳನ್ನು ಗುರುತಿಸುವಷ್ಟು ಸೆನ್ಸಿಟಿವ್ ಎಂದು ಕಂಪ್ಯೂಟರ್ ಮಾದರಿ ತೋರಿಸಿದೆ’ ಎಂಬ ಧಾಟಿಯ ವಾಕ್ಯ ಮತ್ತೆ ಕಂಡಿತು. ಟ್ರಾನ್ಸಿಸ್ಟರಿನ ಮಾದರಿಗೆ ರೋಗಿಗಳ ಗೊಡವೆಯೇ ಇಲ್ಲ.

ಎಂಜಿನಿಯರರ ಸೆನ್ಸಿಟಿವಿಟಿ ಒಂದು ಇಳಿಜಾರು: ದ್ರವದಲ್ಲಿ ಪತ್ತೆಮಾಡಬೇಕಾದ ವಸ್ತು ಇಷ್ಟು ಹೆಚ್ಚಿದರೆ ವಿದ್ಯುತ್ ಪ್ರವಾಹ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಪೆಡಾಟ್-ಪಿಎಸ್‌ಎಸ್ ಎಂಬ ವಿದ್ಯುತ್ ಹರಿಸುವ ಪಾಲಿಮರಿನ ತೆಳುಪದರವುಳ್ಳ ಆರ್ಗ್ಯಾನಿಕ್ ಟ್ರಾನ್ಸಿಸ್ಟರಿನಲ್ಲಿ, ಪ್ರವಾಹವನ್ನು ನಿಯಂತ್ರಿಸುವ ವಿದ್ಯುದ್ವಾರವಾದ ಗೇಟಿಗೆ ಒಂದು ವೋಲ್ಟಿಗಿಂತ ಕಡಿಮೆ ಧನ ವೋಲ್ಟೇಜ್ ಕೊಟ್ಟರೂ ದ್ರಾವಣದ ಧನ ಅಯಾನುಗಳು ಪದರದ ಒಳಕ್ಕೇ ನುಗ್ಗಿ ಪ್ರವಾಹವನ್ನು ತಗ್ಗಿಸುತ್ತವೆ. ಬರ್ನಾರ್ಡ್ಸ್ ಮತ್ತು ಮಲಿಯಾರಾಸ್ ಎಂಬ ಸಂಶೋಧಕರು 2007ರಲ್ಲಿ ಮಂಡಿಸಿದ ಮಾದರಿ ಅಯಾನುಗಳ ಹಾದಿಯನ್ನೂ ಪಾಲಿಮರಿನ ವಿದ್ಯುತ್ತಿನ ಹಾದಿಯನ್ನೂ ಎರಡು ಸರ್ಕ್ಯೂಟುಗಳಾಗಿ ಬೇರ್ಪಡಿಸಿ ಲೆಕ್ಕಹಾಕುತ್ತದೆ. ಪದರವನ್ನು ದಪ್ಪಮಾಡಿದರೆ ಸಂಕೇತ ಹೆಚ್ಚು ವರ್ಧಿಸುತ್ತದೆ, ಆದರೆ ಅಯಾನುಗಳು ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಮಾದರಿ ಹೇಳಬಲ್ಲದ್ದು ಇಂಥ ಸಂಗತಿಗಳನ್ನು.

ವೈದ್ಯರ ಸೆನ್ಸಿಟಿವಿಟಿ ಬೇರೆಯೇ ವಂಶದ್ದು. ಸಂಖ್ಯಾಶಾಸ್ತ್ರಜ್ಞ ಯೆರುಶಾಲ್ಮಿ 1947ರಲ್ಲಿ ಎಕ್ಸ್‌ರೇ ಓದುವಿಕೆಯ ತಪ್ಪುಗಳನ್ನು ಅಳೆಯುವಾಗ ಬಳಸಿದ ಆ ಅರ್ಥದಲ್ಲಿ, ಅದು ನಿಜವಾಗಿ ರೋಗವಿರುವವರಲ್ಲಿ ಪರೀಕ್ಷೆ ಹಿಡಿದುಕೊಟ್ಟವರ ಪಾಲು. ಅದೊಂದೇ ಸಂಖ್ಯೆಯನ್ನು ಹಿಡಿದು ಸಂಭ್ರಮಿಸುವವರು ಈ ಲೆಕ್ಕವನ್ನಾದರೂ ನೋಡಬೇಕು: 10 ರೋಗಿಗಳೂ 10,000 ಆರೋಗ್ಯವಂತರೂ ಇರುವ ಕಡೆ ಪರೀಕ್ಷೆಯು ಶೇ. 90 ರೋಗಿಗಳನ್ನು ಹಿಡಿದು, ಆರೋಗ್ಯವಂತರಲ್ಲಿ ಶೇ. 5 ಜನರನ್ನು ಮಾತ್ರ ತಪ್ಪಾಗಿ ರೋಗಿಗಳೆಂದರೆ, 9 ನಿಜವಾದ ರೋಗಿಗಳ ಜೊತೆಗೆ 500 ಮಂದಿ ಸುಮ್ಮನೆ ಗಾಬರಿಯಾಗುತ್ತಾರೆ. ರೋಗಲಕ್ಷಣ ಕಾಣುವ ಮುನ್ನವೇ ಊರೆಲ್ಲ ತಪಾಸಣೆ ಮಾಡುವಾಗ ಆಗುವುದು ಹೀಗೆಯೇ.

ರೋಗವನ್ನು ಬೇಗ ಪತ್ತೆಮಾಡಲು ಸೆನ್ಸರಿನಿಂದ ಬೇಕಾದದ್ದು ಬರೀ ಕಡಿದಾದ ಇಳಿಜಾರೂ ಅಲ್ಲ, ಪತ್ತೆಯ ಕೆಳಮಿತಿ, ಅಂದರೆ ಸೆನ್ಸರು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ. ವಾಡಿಕೆಯಂತೆ ಅದು ಪತ್ತೆಮಾಡಬೇಕಾದ ವಸ್ತುವಿಲ್ಲದ ಖಾಲಿ ದ್ರಾವಣದಲ್ಲಿ ಸಿಗುವ ಗದ್ದಲದ (ಸಂಕೇತದ ಅಡ್ಡಾದಿಡ್ಡಿ ಏರಿಳಿತದ) ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿದ್ದು. ಹಾಗಾಗಿ ಇಳಿಜಾರಿನೊಂದಿಗೆ ಗದ್ದಲವೂ ದುಪ್ಪಟ್ಟಾದರೆ ಲಾಭ ಸೊನ್ನೆ. ಪ್ರಯೋಗಾಲಯದ ಶುದ್ಧ ಲವಣ ದ್ರಾವಣವಾದ ಬಫರಿನಲ್ಲಿ ಸಿಕ್ಕ ಕೆಳಮಿತಿಯೂ ರಕ್ತದಲ್ಲಿ ಉಳಿಯುವ ಖಾತರಿಯಿಲ್ಲ, ಏಕೆಂದರೆ ಅಲ್ಲಿ ಸಂಬಂಧವಿಲ್ಲದ ಪ್ರೋಟೀನುಗಳೂ ಗೇಟಿಗೆ ಅಂಟಿಕೊಳ್ಳುತ್ತವೆ. ಡೆಂಗಿಯ ಮೊದಲ ದಿನಗಳಲ್ಲಿ ಕಾಣುವ ಎನ್‌ಎಸ್1 ಪ್ರೋಟೀನಿಗೆ ಇಂಥ ಸೆನ್ಸರನ್ನು ರೂಪಿಸುವವರು ಇಳಿಜಾರನ್ನು ಮಾದರಿಯಿಂದ ಊಹಿಸಬಹುದು, ಗದ್ದಲವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ರೋಗಿಗಳ ಶೇಕಡಾವಾರು ಮಾತ್ರ ರೋಗ ಖಚಿತವಾದವರ ರಕ್ತವನ್ನು ಪರೀಕ್ಷಿಸಿದ ಮೇಲಷ್ಟೇ ಸಿಗುತ್ತದೆ.