ಪದ ಪರಿಚಯ: ಸಹಾಯಕ ಸಾಧನ

ಗೋಡೆಗೆ ಅಂಟಿಸಿದ ಬಣ್ಣದ ಚಾರ್ಟು ಸಹಾಯಕ ಸಾಧನ ಅಲ್ಲ. ಅದು ಕಲಿಕೋಪಕರಣ. ನಮ್ಮ ಶಿವಮೊಗ್ಗ ಕಡೆಯ ಶಾಲಾ ಕಲಿಕೋಪಕರಣ ಮೇಳಗಳ ಫೋಟೊ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ನೋಡುತ್ತೇನೆ, ಥರ್ಮಾಕೋಲಿನ ಕಾಗುಣಿತ ಮರದ ಕೆಳಗೆ ‘ಕಲಿಕಾ ನ್ಯೂನತೆಯ ಮಕ್ಕಳಿಗೆ ಸಹಾಯಕ ಸಾಧನ’ ಅಂತ ಬರೆದಿರುತ್ತಾರೆ. ಕಲಿಕಾ ನ್ಯೂನತೆ ಅಂದರೆ ಓದು, ಬರಹ, ಲೆಕ್ಕದಲ್ಲಿ ಬಿಡದೆ ಕಾಡುವ ತೊಡಕು. ಮಾಡಿದವರ ಶ್ರಮ ದೊಡ್ಡದೇ. ಆದರೆ ಹೀಗೆ ಹೆಸರಿಟ್ಟರೆ ಕಡತದಲ್ಲಿ ‘ಸಾಧನ ಕೊಡಲಾಗಿದೆ’ ಅಂತ ಆಗಿಬಿಡುತ್ತದೆ, ಓದಲು ಒದ್ದಾಡುವ ಮಗುವಿನ ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ.

ಕಲಿಕೋಪಕರಣ ಪಾಠಕ್ಕೆ ಸೇರಿದ್ದು, ಇಡೀ ತರಗತಿಗೆ ಒಂದೇ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯಿಂದ ಕಲಿಸಲು ಬಳಸುವ ನಲಿ-ಕಲಿ ಕಾರ್ಡುಗಳೂ ಪಾಠಕ್ಕೇ ಸೇರಿದ್ದು. ಸಹಾಯಕ ಸಾಧನ ಒಂದು ಮಗುವಿನ ಒಂದು ತೊಡಕಿಗೆ ಸೇರಿದ್ದು. ಅದೇ ಹುಣಸೆ ಬೀಜ ಮೇಷ್ಟ್ರ ಮೇಜಿನ ಮೇಲಿದ್ದರೆ ಕಲಿಕೋಪಕರಣ. ಎಣಿಸಲು ತಡವರಿಸುವ ಹುಡುಗಿಯ ಚೀಲದಲ್ಲಿದ್ದು, ಬೇಕೆನಿಸಿದಾಗ ಅವಳೇ ತೆಗೆದು ಎಣಿಸುವಂತಿದ್ದರೆ ಸಹಾಯಕ ಸಾಧನ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಎರಡೂ ಅಲ್ಲ.

ನನಗೆ ತುಂಬ ಇಷ್ಟವಾದದ್ದು ಓದುವ ಕಿಂಡಿ. ಹಳೆಯ ಮದುವೆ ಕಾಗದದಂಥ ದಪ್ಪ ರಟ್ಟು ತೆಗೆದುಕೊಂಡು, ನಡುವೆ ಒಂದೇ ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ, ಪುಟದ ಮೇಲಿಟ್ಟು ಕೆಳಕ್ಕೆ ಸರಿಸುತ್ತಾ ಓದುವುದು. ಸಾಲು ತಪ್ಪುವ ಮಗುವಿಗೆ ಇದು ಒಳ್ಳೆಯ ಆಸರೆ. ಆದರೆ ಇಂಗ್ಲಿಷ್ ಪುಸ್ತಕಕ್ಕೆ ಮಾಡಿದ ಅಳತೆಯನ್ನು ಹಾಗೇ ಇಳಿಸಿಕೊಳ್ಳಬೇಡಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುತ್ತದೆ ಅಲ್ವಾ? ಕಿಂಡಿ ಸಣ್ಣದಾದರೆ ಒತ್ತು ಮರೆಯಾಗಿ ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ. ಮೊದಲೇ ಒತ್ತಕ್ಷರದಲ್ಲಿ ಎಡವುವ ಮಗು ಇನ್ನಷ್ಟು ಎಡವುತ್ತದೆ. ಹಾಗಾಗಿ ಒತ್ತು ಪೂರ್ತಿ ಕಾಣುವಷ್ಟು ಎತ್ತರ ಬಿಡಿ.

ಅರ್ಕಾವತ್ತಿನ ಕಷ್ಟ ಬೇರೆ. ‘ಸೂರ್ಯ’ ಅನ್ನುವಾಗ ಕಿವಿಗೆ ರ ಮೊದಲು ಕೇಳುತ್ತದೆ, ಕಣ್ಣಿಗೆ ಯ ಮೊದಲು ಕಾಣುತ್ತದೆ. ಇಂಥ ಪದಗಳಲ್ಲಿ ಅರ್ಕಾವತ್ತನ್ನು ಮಾತ್ರ ಕೆಂಪು ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಆ ಮಗುವಿನ ನೋಟ್‌ಬುಕ್ಕಿನಲ್ಲಿರಲಿ. ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಓರೆಯಾಗಿ ಜಾರುತ್ತವೆಯೇ? ಚೌಕುಳಿ ಪುಸ್ತಕ ಕೊಡಿ, ಮನೆಗೊಂದು ಅಂಕಿ. ಪೆನ್ಸಿಲ್ ಹಿಡಿತ ಸಿಗದಿದ್ದರೆ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ದಪ್ಪ ಮಾಡಿ.

ಬಣ್ಣದ ಪ್ಲಾಸ್ಟಿಕ್ ಹಾಳೆ ಪುಟದ ಮೇಲಿಟ್ಟರೆ ಡಿಸ್ಲೆಕ್ಸಿಯ ವಾಸಿಯಾಗುತ್ತದೆ ಅನ್ನುವುದನ್ನು ದಯವಿಟ್ಟು ಹಂಚಬೇಡಿ. ಡಿಸ್ಲೆಕ್ಸಿಯ ಕಣ್ಣಿನ ದೋಷ ಅಲ್ಲ. ಮುಖ್ಯವಾಗಿ ಅದು ಶಬ್ದವನ್ನೂ ಅಕ್ಷರವನ್ನೂ ಜೋಡಿಸುವಲ್ಲಿ ಬರುವ ತೊಡಕು. ಯಾವ ಸಾಧನವೂ ಅದನ್ನು ವಾಸಿ ಮಾಡುವುದಿಲ್ಲ, ದಾರಿ ಸುಲಭ ಮಾಡುತ್ತದೆ, ಪಾಠ ಹೇಳಿಕೊಡುವ ಕೆಲಸ ಇದ್ದೇ ಇರುತ್ತದೆ.

ಇನ್ನು ‘ಸಾಧನ ಅಂದರೆ ಟ್ಯಾಬ್’ ಅನ್ನುವವರು. ಟ್ಯಾಬ್ ಬೇಡ ಅಂತಲ್ಲ. ಆದರೆ ಜುಲೈ ಮಳೆಗೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ರಟ್ಟಿನ ಕಿಂಡಿಗೆ ಚಾರ್ಜ್ ಬೇಕಾಗಿಲ್ಲ. ಕಾನೂನು ಏನು ಹೇಳುತ್ತದೆ ನೋಡಿ. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದು ಸೇರಿತು. ಶೇಕಡಾ 40ಕ್ಕೆ ಕಡಿಮೆ ಇಲ್ಲದ ನ್ಯೂನತೆ ಇದೆ ಅಂತ ಪ್ರಮಾಣಪತ್ರ ಇರುವ ಮಕ್ಕಳಿಗೆ 18 ವರ್ಷದವರೆಗೆ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕು ಅಂತ ಅದರ 17ನೇ ಸೆಕ್ಷನ್ ಹೇಳುತ್ತದೆ. ಆ ಸಾಧನಕ್ಕೆ ಬ್ಯಾಟರಿ ಇರಲೇಬೇಕು ಅಂತ ಎಲ್ಲೂ ಹೇಳಿಲ್ಲ. ರಟ್ಟಿನ ಚೂರಿಗೆ ಪ್ರಮಾಣಪತ್ರ ಕಾಯುತ್ತಾ ಕೂರುವುದೂ ಬೇಡ, ಸುಮ್ನೆ ಕೊಟ್ಟುಬಿಡಿ.

‘ಮಗ್ಗಿ ಚೀಟಿ ಕೊಟ್ಟರೆ ಅದು ಕಾಪಿ ಹೊಡೆದಂತೆ’ ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ. ಇವತ್ತಿನ ಪಾಠ ಏನು ಅಂತ ನೋಡಿ. ಏಳರ ಮಗ್ಗಿಯೇ ಪಾಠವಾದರೆ ಚೀಟಿ ತೆಗೆದಿಡಿ. ಏಳು ಮೂಟೆ ಅಡಿಕೆಯ ಬೆಲೆ ಕಂಡುಹಿಡಿಯುವುದು ಪಾಠವಾದರೆ ಚೀಟಿ ಮೇಜಿನ ಮೇಲೇ ಇರಲಿ. ಅಲ್ಲಿ ಮಗು ಕಲಿಯಬೇಕಾದ್ದು ಯಾವಾಗ ಗುಣಿಸಬೇಕು, ಯಾವುದನ್ನು ಯಾವುದರಿಂದ ಗುಣಿಸಬೇಕು ಅನ್ನುವುದನ್ನು.