ಮಾತಾಡಿಸಿದ್ರೆ ನಡಿಗೆ ನಿಲ್ಲತ್ತಾ?

ವಯಸ್ಸಾದವರ ಜೊತೆ ನಡ್ಕೊಂಡು ಹೋಗುವಾಗ ಒಂದು ವಿಷಯ ಗಮನಿಸಿ. ಅವರ ಪಾಡಿಗೆ ನಡೀತಿರ್ತಾರೆ, ನೀವು "ಅಪ್ಪ, ಬೀಗದ ಕೈ ಎಲ್ಲಿಟ್ರಿ?" ಅಂತ ಕೇಳಿದ ತಕ್ಷಣ ಗಕ್ಕನೆ ನಿಂತ್ಬಿಡ್ತಾರೆ, ಯೋಚನೆ ಮಾಡಿ ಉತ್ತರ ಹೇಳಿ ಆಮೇಲೇನೇ ಮುಂದಿನ ಹೆಜ್ಜೆ ಇಡೋದು. ನಮ್ಮಪ್ಪ ಹೀಗೆ ಮಾಡೋಕೆ ಶುರು ಮಾಡಿದಾಗ ಸುಸ್ತಾಗಿರಬೇಕು ಅಂದ್ಕೊಂಡಿದ್ದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ಹಿರಿಯರನ್ನ ಹೀಗೇ ನಡೆಯುವಾಗ ಮಾತಾಡಿಸಿ ನೋಡಿದ್ರು, ಮಾತಿಗೆ ನಿಂತ 12 ಜನರಲ್ಲಿ 10 ಜನ ಮುಂದಿನ 6 ತಿಂಗಳೊಳಗೆ ಒಮ್ಮೆಯಾದ್ರೂ ಬಿದ್ದಿದ್ರು.

ಯಾಕೆ ಅಂದ್ರೆ ನಡಿಗೆ ಬರೀ ಕಾಲಿನ ಕೆಲಸ ಅಲ್ಲ. ಚಿಕ್ಕವಯಸ್ಸಲ್ಲಿ ಅದು ತಾನಾಗೇ ನಡೆದು ಹೋಗತ್ತೆ, ವಯಸ್ಸಾದ ಹಾಗೆ ಪ್ರತಿ ಹೆಜ್ಜೆಗೂ ಮೆದುಳಿನ ಮುಂಭಾಗ ಸ್ವಲ್ಪ ಗಮನ ಕೊಡಬೇಕಾಗತ್ತೆ, ಅಷ್ಟರಲ್ಲಿ ಇನ್ನೊಂದು ಕೆಲಸ ಬಂತು ಅಂದ್ರೆ ಎರಡಕ್ಕೂ ಹಂಚೋಕೆ ಗಮನ ಸಾಲಲ್ಲ.

ನಾವೇನ್ಮಾಡ್ತೀವಿ, ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು ಕುರ್ಚೀಲಿ ಕೂತು ಪದಬಂಧ ಬಿಡಿಸ್ತೀವಿ. ತಪ್ಪೇನಿಲ್ಲ, ವಾಕಿಂಗ್ ಒಂದೇ ಸಾಕಷ್ಟು ಕೆಲಸ ಮಾಡತ್ತೆ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಇಳಿವಯಸ್ಸಲ್ಲಿ ವರ್ಷಕ್ಕೆ ಶೇ. 1ರಿಂದ 2ರಷ್ಟು ಕುಗ್ತಾ ಹೋಗತ್ತೆ. 2011ರಲ್ಲಿ ಅಮೆರಿಕದ ಕರ್ಕ್ ಎರಿಕ್ಸನ್ ಮತ್ತು ಜೊತೆಗಾರರು 120 ಹಿರಿಯರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯ್ತು, ಒಂದು ವರ್ಷ ವಾರಕ್ಕೆ 3 ದಿನ ಬಿರುಸಾಗಿ ನಡೆದವರಲ್ಲಿ ಅದು ಸುಮಾರು ಶೇ. 2 ದೊಡ್ಡದಾಗಿತ್ತು, ಬರೀ ಸ್ಟ್ರೆಚಿಂಗ್ ಮಾಡಿದವರಲ್ಲಿ ಶೇ. 1.4 ಕುಗ್ಗಿತ್ತು.

ಹಾಗಾದ್ರೆ ನಡಿಗೆ, ಮೆದುಳಿನ ಕೆಲಸ ಎರಡನ್ನೂ ಯಾಕೆ ಕೂಡಿಸಬೇಕು? ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಇಲಿಗಳಿಂದ ಸಿಕ್ಕಿದ್ದು. ಚಕ್ರದಲ್ಲಿ ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಜೀವಕೋಶ ಜಾಸ್ತಿ ಹುಟ್ಟಿದ್ವು, ಆದ್ರೆ ಅದರಲ್ಲಿ ಹೆಚ್ಚಿನವು ಕೆಲವೇ ವಾರದಲ್ಲಿ ಸತ್ತು ಹೋಗ್ತವೆ. ಆಟದ ಸಾಮಾನು, ಸುರಂಗ, ಹೊಸ ಹೊಸ ಜಾಗ ಇರೋ ಗೂಡಲ್ಲಿ ಬಿಟ್ಟಾಗ ಹುಟ್ಟಿದ ಕೋಶಗಳು ಹೆಚ್ಚು ಉಳ್ಕೊಂಡ್ವು. ಮೊದಲು ಓಡಿಸಿ ಆಮೇಲೆ ಇಂಥ ಗೂಡಿಗೆ ಬಿಟ್ಟಾಗ ಎರಡರ ಲಾಭ ಒಂದರ ಮೇಲೊಂದು ಸೇರಿತು. ಸಸಿ ಎಬ್ಬಿಸೋದು ಒಂದು, ನೆಟ್ಟ ಸಸಿ ಉಳಿಸ್ಕೊಳ್ಳೋದು ಇನ್ನೊಂದು. ಮನುಷ್ಯರಲ್ಲಿ ದೊಡ್ಡವರಾದ ಮೇಲೆ ಹೊಸ ನರಕೋಶ ಎಷ್ಟು ಹುಟ್ಟತ್ತೆ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳ ಇದೆ, ಹಾಗಾಗಿ ಇಲಿ ಲೆಕ್ಕಾನ ಹಾಗ್ಹಾಗೇ ನಮಗೆ ಹಚ್ಚೋ ಹಾಗಿಲ್ಲ.

ಆದ್ರೆ ಮನುಷ್ಯರ ಪ್ರಯೋಗಗಳೂ ಇವೆ. ಕೆನಡಾದಲ್ಲಿ ನೆನಪಿನ ಸಣ್ಣ ತೊಂದರೆ ಶುರುವಾಗಿದ್ದ 175 ಜನರಿಗೆ 20 ವಾರ ಬೇರೆ ಬೇರೆ ತರಬೇತಿ ಕೊಟ್ರು, 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯಾಯಾಮದ ಜೊತೆ ಕಂಪ್ಯೂಟರ್ ಮೇಲೆ ಮೆದುಳಿನ ಕಸರತ್ತನ್ನೂ ಮಾಡಿದವರು ಸಮತೋಲನದ ಹಗುರ ವ್ಯಾಯಾಮ ಮಾಡಿದವರಿಗಿಂತ ಪರೀಕ್ಷೇಲಿ ಮುಂದಿದ್ರು. ಜೊತೆಗೆ ಕೊಟ್ಟ ವಿಟಮಿನ್ ಡಿ ಮಾತ್ರೆಯಿಂದ ಏನೂ ಹೆಚ್ಚಿಗೆ ಸಿಗಲಿಲ್ಲ.

ಮನೇಲಿ ಮಾಡೋದು ಕಷ್ಟ ಏನಲ್ಲ. ನಡೀತಾ ನಡೀತಾ 100ರಿಂದ ಮೂರು ಮೂರು ಕಳೀತಾ ಜೋರಾಗಿ ಹೇಳಬೇಕು, 97, 94, 91. ಅಪ್ಪ ಮೊದಲ ದಿನ 88ಕ್ಕೆ ನಿಂತ್ಬಿಟ್ರು, ಕೈಬೆರಳು ಮಾತ್ರ ಎಣಿಸ್ತಾ ಇತ್ತು, ಕಾಲು ಅಲ್ಲಾಡ್ತಿರಲಿಲ್ಲ. ಲೆಕ್ಕ ಬಾಯಿಪಾಠ ಆಯ್ತು ಅಂದ್ರೆ ಬದಲಾಯಿಸಿ, ಒಂದೊಂದು ಅಕ್ಷರಕ್ಕೆ ಒಂದೊಂದು ಹೆಸರು ಹೇಳ್ಲಿ, ಇಲ್ಲಾ ಹೊಸ ಡ್ಯಾನ್ಸಿನ ಹೆಜ್ಜೆ ಕಲೀಲಿ, ಯಾಕಂದ್ರೆ ಸುಲಭ ಆದ ಕೆಲಸಕ್ಕೆ ಮೆದುಳು ಹೆಚ್ಚು ಗಮನ ಕೊಡಲ್ಲ. ನಡಿಗೆ ನಿಧಾನ ಆದ್ರೆ ಪರವಾಗಿಲ್ಲ, ತೂರಾಡಿದ್ರೆ ಮಾತ್ರ ತಕ್ಷಣ ಎಣಿಸೋದು ನಿಲ್ಸಿ. ಮೊದಲೇ ಬಿದ್ದ ಅನುಭವ ಇರೋರು ಗಟ್ಟಿ ಕುರ್ಚೀಲಿ ಕೂತು, ಮಂಡಿ ಒಂದಾದ ಮೇಲೊಂದು ಎತ್ತಿ ಇಳಿಸ್ತಾ ಇದೇ ಲೆಕ್ಕ ಹೇಳಬಹುದು.